ಕೊನೆಯ ಪಂಕ್ತಿಯಲ್ಲಿ ಆಡಿದ ಮಾತು

ಮೊನ್ನೆ ಪುತ್ತೂರಿನಲ್ಲಿ ಒಂದು ಮದುವೆ ಊಟ. ಎಲೆಗೆ ಅನಾನಸಿನ ಮೆಣಸ್ಕಾಯಿ ಬಿದ್ದದ್ದೇ ತಡ, ಹುರಿದ ಎಳ್ಳಿನ ಆ ಪರಿಮಳಕ್ಕೆ ನನ್ನ ಕೈ ನಿಂತುಹೋಯಿತು. ಖಾರ ಜಾಸ್ತಿಯಾಯಿತೇ ಎಂದು ಪಕ್ಕದವರು ಕೇಳಿದರು. ಹೌದೆಂದು ಸುಳ್ಳು ಹೇಳಿದೆ.

ನರಿಮೊಗರಿನ ನಮ್ಮ ಮನೆಯ ಮದುವೆ, ಉಪನಯನ, ಯಾವ ಜೆಂಬರಕ್ಕೂ ಅಡುಗೆಗೆ ಈ ಮೆಣಸ್ಕಾಯಿಗೇ ಹೆಸರಾಗಿದ್ದ ಭಟ್ಟರೊಬ್ಬರು ಬರಬೇಕಿತ್ತು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲವಲ್ಲ, ಅವರು ಪರಿಮಳದಲ್ಲೇ ಉಪ್ಪು ಹುಳಿ ಹೇಳುತ್ತಿದ್ದರು. ತಾವು ಮಾತ್ರ ಕೊನೆಯಲ್ಲಿ ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದರು...

ಅಡುಗೆಯವರ ಪಂಕ್ತಿಗೆ ಮನೆಯವರೇ ಒತ್ತಾಯ ಮಾಡಿ ಬಡಿಸುವುದು ನಮ್ಮ ಕ್ರಮ. ತಂಗಿಯ ಮದುವೆಯ ದಿನ ಮೆಣಸ್ಕಾಯಿಯ ಸೌಟು ಹಿಡಿದು ನಿಂತೆ. ಅವರು ಎಲೆಗೆ ಕೈ ಅಡ್ಡ ಹಿಡಿದರು.

"ಎಂತ ಭಟ್ರೇ, ನೀವು ಮಾಡಿದ್ದನ್ನು ನೀವೇ ತಿನ್ನುದಿಲ್ವಾ? ಅದಕ್ಕೆ ಎಂತ ಹಾಕಿದ್ದೀರಿ ಮಾರಾಯ್ರೆ?"

ಪಂಕ್ತಿಯೇ ನಕ್ಕಿತು. ಅವರೂ ನಕ್ಕರು. ಎಲುಬಿಲ್ಲದ ನಾಲಿಗೆ ನನ್ನದು, ಆಡಿ ಮರೆತೆ. ಊರು ಮರೆಯಲಿಲ್ಲ. 'ತಾನು ಮಾಡಿದ್ದನ್ನು ತಾನೇ ಮುಟ್ಟುವುದಿಲ್ಲವಂತೆ' ಎಂಬ ಸುದ್ದಿ ಈಶ್ವರಮಂಗಲದವರೆಗೂ ಹೋಯಿತು. ಮರುವರ್ಷ ಅವರನ್ನು ಅಡುಗೆಗೆ ಕರೆದವರೇ ಇಲ್ಲ.

ಅದು ಗೊತ್ತಾಗಿ ಅವರ ಮನೆಗೆ ಓಡಿದೆ. ಜಗಲಿಯಲ್ಲಿ ಬೆಳಕಿಗೆ ತಿರುಗಿ ಬಾಯಿ ತೆರೆದು ತೋರಿಸಿದರು. ಕೆನ್ನೆಯ ಒಳಗೆಲ್ಲ ಬಲೆಯಂತೆ ಬಿಳಿ ಗೆರೆ, ನಡುನಡುವೆ ಕೆಂಪಗಿನ ಹಸಿ ಹುಣ್ಣು. ಏಳೆಂಟು ವರ್ಷದಿಂದ ಹೀಗೆಯೇ ಅಂತೆ.

"ಎಲೆ ಅಡಿಕೆಯಿಂದವಾ?" ಎಂದೆ. ನನ್ನ ನಾಲಿಗೆಗೆ ಅದೊಂದು ಬಾಕಿಯಿತ್ತು.

"ನಾನು ಜಗಿದವನೇ ಅಲ್ಲ. ರೋಗ ಬಾರದ ಹಾಗೆ ಕಾಯುವ ಕಣಗಳು ರಕ್ತದಲ್ಲಿ ಉಂಟಲ್ಲ, ಅವೇ ನನ್ನ ಬಾಯಿಯ ಚರ್ಮವನ್ನು ಹೊರಗಿನದ್ದು ಅಂತ ಎಣಿಸಿ ಹಾಳು ಮಾಡುದಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಔಷಧಿ ಹಚ್ಚಿದರೆ ಕಡಿಮೆಯಾಗ್ತದೆ, ಪೂರ್ತಿ ಹೋಗುದಿಲ್ಲ. ಯಾರಿಗೂ ಅಂಟುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಆದರೆ ಬಾಯಿಹುಣ್ಣಿನವನನ್ನು ಯಾರು ಅಡುಗೆಗೆ ಕರೀತಾರೆ, ಹೇಳಿ?"

ನಿಜ ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಯಾರಿಗೂ ಹೇಳಬೇಡಿ ಎಂದು ಕೈ ಮುಗಿದರು. ನಾನು ಹೇಳಲಿಲ್ಲ. ಹೇಳಹೊರಟರೆ ಪಂಕ್ತಿಯಲ್ಲಿ ನಾನಾಡಿದ ಮಾತೂ ಹೊರಬೀಳುತ್ತಿತ್ತು, ಹೇಳದಿರುವುದು ನನಗೂ ಅನುಕೂಲವೇ ಆಗಿತ್ತು... ಅವರು ಮತ್ತೆ ದೊಡ್ಡ ಪಾತ್ರೆಯ ಅಡುಗೆಗೆ ನಿಲ್ಲಲೇ ಇಲ್ಲ.

ಕಳೆದ ವರ್ಷ ಸುಳ್ಯದ ಮಗಳ ಮನೆಯಲ್ಲಿ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದೂಟದ ದಿನ ಅವರ ಹೆಂಡತಿ ನನ್ನ ಹತ್ತಿರ ಬಂದು, "ನಿಮ್ಮನ್ನು ಯಾವಾಗಲೂ ನೆನೆಸ್ತಾ ಇದ್ರು. ಎಲ್ಲ ಗೊತ್ತಿದ್ದೂ ಬಾಯಿ ಬಿಡದವರು ನೀವೊಬ್ಬರೇ ಅಂತ. ಆ ಮಾತನ್ನು ಮೊದಲು ಆಡಿದವರು ಯಾರೋ ಏನೋ, ಎಷ್ಟು ಕೇಳಿದ್ರೂ ಹೇಳ್ಲಿಲ್ಲ" ಎಂದರು.

ನಾನೂ ಹೇಳಲಿಲ್ಲ. ತಲೆ ತಗ್ಗಿಸಿ ಊಟ ಮಾಡಿ ಬಂದೆ. ಇದು ಅಚ್ಚಾದರೆ ಒಂದು ಪ್ರತಿ ಸುಳ್ಯಕ್ಕೆ ಕಳಿಸುತ್ತೇನೆ. ಭಟ್ಟರ ಕ್ಷಮೆ ಕೇಳುವ ಕಾಲ ದಾಟಿಹೋಯಿತು, ಆ ತಾಯಿಯಾದರೂ ನನ್ನನ್ನು ಬೈಯಲಿ.