ಚಿರತೆಯ ಮುಸ್ಸಂಜೆ ತಿದ್ದುವ ಬೂದಿ ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಕಂಪ್ಯೂಟರಿನ ಪರದೆಯೊಂದೇ ಬೆಳಗುತ್ತಿದೆ. ಪರದೆಯ ಮೇಲೊಂದು ಚಿರತೆ. ಅದು ಬಂಡೆಯ ಮೇಲೆ ಕುಳಿತಿದೆ ಎನ್ನುವುದು ಯಾರಾದರೂ ಹೇಳಿದರೆ ಮಾತ್ರ ತಿಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ತೆಗೆದ ಚಿತ್ರ, ಕಪ್ಪೆಲ್ಲ ಕೆಸರಾಗಿ, ಅದರ ತುಂಬ ಕೆಂಪು ಹಸಿರು ಚುಕ್ಕೆಗಳು ಮರಳು ಎರಚಿದಂತೆ ಹರಡಿವೆ. ಎದುರಿಗೆ ಕುಳಿತ ಹೆಂಗಸು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎಡಗಣ್ಣಿನಿಂದ ಮಾತ್ರ ಚಿರತೆಯ ಕತ್ತನ್ನು ನೋಡುತ್ತಾರೆ. ಮೌಸನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಸಮಾಧಾನವಿಲ್ಲ. ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡುತ್ತಾರೆ.

ಕಾಡುಪ್ರಾಣಿಗಳ ಮಾಸಪತ್ರಿಕೆಯೊಂದಕ್ಕೆ ಮಂದ ಬೆಳಕಿನ ಚಿತ್ರಗಳ ಬಣ್ಣ ತಿದ್ದಿಕೊಡುವುದು ಇವರ ಹೊಟ್ಟೆಪಾಡು. ಪೊದೆಯಲ್ಲಿ ಸೊಳ್ಳೆಗೆ ಮೈಯೊಪ್ಪಿಸಿ ಕಾದು ಕುಳಿತವರ ಹೆಸರು ಚಿತ್ರದ ಕೆಳಗೆ ಅಚ್ಚಾಗುತ್ತದೆ, ಅದು ನ್ಯಾಯವೇ. ಅವರು ತಂದ ಕರಿಮುದ್ದೆಯೊಳಗಿಂದ ಪ್ರಾಣಿಯನ್ನು ಈಚೆಗೆ ಕರೆದವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಕೋಣೆಯ ಗೋಡೆ ಬೂದು, ಪರದೆಬಟ್ಟೆ ಬೂದು, ಇವರು ಉಟ್ಟ ಸೀರೆಯೂ ಬೂದು. ಕೆಂಪು ಸೀರೆ ಉಟ್ಟರೆ ಅದರ ಬಣ್ಣ ಪರದೆಯ ಮೇಲೆ ಬಿದ್ದು ಜಿಂಕೆಯ ಹೊಟ್ಟೆ ಕೆಂಪಗೆ ಕಾಣುತ್ತದಂತೆ. ಅಣ್ಣನ ಮಕ್ಕಳು ಇವರಿಗೆ ಇಟ್ಟ ಹೆಸರು ‘ಬೂದಿ ಅತ್ತೆ’. ಮದುವೆಮನೆಗೂ ಇದೇ ಸೀರೆಯಲ್ಲಿ ಬಂದರೆ ಯಾರೂ ಮಾತಾಡಿಸುವುದಿಲ್ಲ ಎಂದು ಅವರು ರೇಗಿಸುತ್ತಾರೆ. ಮಾತಾಡಿಸದಿದ್ದರೆ ಬೇಗ ಊಟ ಮುಗಿಸಿ ಬರಬಹುದು ಎನ್ನುವುದು ಅತ್ತೆಯ ಉತ್ತರ.

ಇವರು ಈ ಕೆಲಸಕ್ಕೆ ಬಂದದ್ದು ಅಣ್ಣನ ಸ್ಟುಡಿಯೋದ ಕತ್ತಲೆಕೋಣೆಯಿಂದ. ಮದುಮಕ್ಕಳ ಫೋಟೋ ತೊಳೆದು ತೊಳೆದು ರಾಸಾಯನಿಕಕ್ಕೆ ಬೆರಳ ತುದಿಗಳು ಬಿರಿದ ಗುರುತು ಇನ್ನೂ ಇದೆ. ಸ್ಟುಡಿಯೋ ಬಾಗಿಲು ಹಾಕಿದಾಗ ಅಣ್ಣ ಸ್ಟೇಷನರಿ ಅಂಗಡಿ ಇಟ್ಟರು. ತಂಗಿ, ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದ ವಯಸ್ಸಿನಲ್ಲಿ, ಕಂಪ್ಯೂಟರಿನ ಮುಂದೆ ಕುಳಿತು ಅಆಇಈಯಿಂದ ಕಲಿತರು. ಗಂಡ ತೀರಿಹೋದ ಮೇಲೆ ಈ ಕೋಣೆಯೇ ಅವರ ಸಂಸಾರ. ದಿನಕ್ಕೆ ಎಂಟೋ ಹತ್ತೋ ಚಿತ್ರ, ಅದಕ್ಕಿಂತ ಹೆಚ್ಚಿಗೆ ಕಣ್ಣು ಒಪ್ಪುವುದಿಲ್ಲ.

“ಬೆಳಕು ಜಾಸ್ತಿ ಮಾಡೋದು ಏನ್ ಮಹಾ, ಯಾರು ಬೇಕಾದ್ರೂ ಮಾಡ್ತಾರೆ. ಸಂಜೆ ಸಂಜೆಯಾಗೇ ಇರ್ಬೇಕು. ಚಿರತೆ ಕಾಣ್ಬೇಕು, ಅದು ಬಚ್ಚಿಟ್ಕೊಂಡಿದೆ ಅನ್ನೋದೂ ಕಾಣ್ಬೇಕು,” ಎನ್ನುತ್ತಾರೆ.

ಇಂಥವರ ಕೈಯಿಂದ ಕೆಲವು ತಿಂಗಳ ಹಿಂದೆ ಒಂದು ಸಂಚಿಕೆ ಹಾಳಾಯಿತು. ಮುಸ್ಸಂಜೆಯ ಆನೆಗಳ ಹಿಂಡು ಹೆಣದ ಹಾಗೆ ನೀಲಿಗಟ್ಟಿ ಅಚ್ಚಾಗಿತ್ತು. ಚಿತ್ರ ತೆಗೆದವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಸಂಪಾದಕರು ನಯವಾಗಿ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಎಂದರು. ವಿಶ್ರಾಂತಿ ಎಂದರೇನೆಂದು ಅತ್ತೆಗೆ ಗೊತ್ತಾಗದೇ ಇರಲಿಲ್ಲ. ತಪ್ಪು ಅಚ್ಚುಮನೆಯವರದೇ ಎಂದು ಎಳ್ಳಷ್ಟೂ ಅನುಮಾನವಿಲ್ಲದೆ, ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೊರಟರು.

ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಹಿರಿಯರು ಹಿಂದಿನ ತಿಂಗಳಷ್ಟೇ ಹೃದಯಾಘಾತದಿಂದ ತೀರಿಹೋಗಿದ್ದರು. ಅವರ ಜಾಗಕ್ಕೆ ಬಂದ ಹೆಂಗಸು ಜಗಳಕ್ಕೆ ಜಗಳ ಕೊಡಲಿಲ್ಲ. ಕುರ್ಚಿ ಎಳೆದು ಕೂರಿಸಿ, ಕಂಪ್ಯೂಟರಿನಲ್ಲಿ ಹಳೆಯ ಸಂಚಿಕೆಗಳನ್ನು ತೆರೆದರು. ಅತ್ತೆ ಕಳಿಸಿದ ಚಿತ್ರ ಒಂದು ಕಡೆ, ಅಚ್ಚಿಗೆ ಹೋದ ಚಿತ್ರ ಇನ್ನೊಂದು ಕಡೆ. ಎರಡು ವರ್ಷಗಳಿಂದ ಅತ್ತೆಯ ಒಂದೊಂದು ಚಿತ್ರದಿಂದಲೂ ಆ ಹಿರಿಯರು ನೀಲಿಯನ್ನು ಇಳಿಸಿದ್ದರು.

“ಅವರು ಯಾರಿಗೂ ಹೇಳಿರ್ಲಿಲ್ಲ ಅಕ್ಕ. ನಮಗೆ ಗೊತ್ತಿಲ್ದೆ, ನೀವು ಕಳಿಸಿದ ಹಾಗೇ ಹಾಕ್ಬಿಟ್ವಿ,” ಎಂದರಂತೆ ಆಕೆ.

ಅಲ್ಲಿಂದ ಸೀದಾ ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳೆಯುತ್ತಿದ್ದ ಪೊರೆಯ ಮೂಲಕ ಜಗತ್ತು ಒಂದಿಷ್ಟೊಂದಿಷ್ಟೇ ಹಳದಿಯಾಗುತ್ತ ಹೋಗಿತ್ತು. ಆ ಹಳದಿ ಕಳೆಯಲು ಅತ್ತೆ ಪಾಪದ ಪ್ರಾಣಿಗಳ ಮೇಲೆ ನೀಲಿ ಸುರಿಯುತ್ತ ಬಂದಿದ್ದರು. ಪರದೆಯ ಬಣ್ಣ ಸರಿಯಿದೆಯೇ ಎಂದು ಅಳೆಯುವ ಪುಟ್ಟ ಯಂತ್ರ ಅವರ ಮೇಜಿನ ಮೇಲೆ ಸದಾ ಇರುತ್ತದೆ. ನೋಡುವ ಕಣ್ಣನ್ನು ಅಳೆಯಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಅಷ್ಟೇ ಆಗಿದ್ದರೆ ಅತ್ತೆ ಹೇಗೋ ನುಂಗಿಕೊಳ್ಳುತ್ತಿದ್ದರು. ಆದರೆ ಸರಿಯಾಗಿ ಅಚ್ಚಾದ ಪುಟವನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಿದ್ದರಲ್ಲ! ಪ್ರತಿ ಸಂಚಿಕೆ ಕೈಗೆ ಬಂದ ದಿನವೂ ಆ ಹಿರಿಯರಿಗೆ ಫೋನ್ ಮಾಡಿ, ನನ್ನ ಸಂಜೆಗೆಲ್ಲ ಯಾಕೆ ಅರಿಸಿನ ಬಳಿದಿದ್ದೀರಿ ಎಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಸಿಟ್ಟಿನಲ್ಲಿ, ಕಣ್ಣು ಕಾಣಿಸದಿದ್ದರೆ ಮನೆಯಲ್ಲಿ ಕೂತುಕೊಳ್ಳಿ ಎಂದೂ ಹೇಳಿಬಿಟ್ಟಿದ್ದರು. ಆ ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು, ಕಾಗದ ಸರಿ ಇಲ್ಲ ತಂಗಿ, ಏನ್ ಮಾಡೋದು ಎನ್ನುತ್ತಿದ್ದರಂತೆ. ಪ್ರತಿ ಸಲವೂ ಅದೇ ಮಾತು.

ಇದನ್ನು ಹೇಳಿ ಅತ್ತೆ ಮೌಸನ್ನು ಬದಿಗೆ ಸರಿಸುತ್ತಾರೆ. ನೀರು ಕುಡಿದು, ಲೋಟ ಕೆಳಗಿಡುತ್ತಾರೆ.

“ನನ್ನ ಕೆಲ್ಸ ಹೋಗ್ಬಾರ್ದು ಅಂತ ಮಾಡಿದ್ರು, ಗೊತ್ತು. ಅಷ್ಟು ಒಳ್ಳೇತನ ನನಗೆ ಬೇಡವಾಗಿತ್ತು. ಒಂದೇ ಒಂದ್ ಸಲ ತಿರುಗಿ ಬೈದಿದ್ರೆ ಅವತ್ತೇ ಹೋಗಿ ಕಣ್ಣು ತೋರಿಸ್ಕೊಂಡು ಬರ್ತಿದ್ದೆ. ಈಗ ಹೋಗಿ ಕ್ಷಮಿಸಿ ಅನ್ನೋಣ ಅಂದ್ರೆ ಆ ಮನುಷ್ಯನೇ ಇಲ್ಲ.”

ಹೋದ ತಿಂಗಳು ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ. ಎಡಗಣ್ಣಿಗೆ ಬಿಳಿಗೋಡೆ ಬಿಳಿಯಾಗಿಯೇ ಕಾಣುತ್ತದೆ, ಬಲಗಣ್ಣಿಗೆ ಅದೇ ಗೋಡೆ ಟೀಯಲ್ಲಿ ಅದ್ದಿದ ಬಟ್ಟೆ. ಎರಡೂ ತೆರೆದಿಟ್ಟರೆ ಯಾವುದನ್ನು ನಂಬಬೇಕೋ ತಿಳಿಯದೆ ತಲೆ ಸಿಡಿಯುತ್ತದೆ, ಅದಕ್ಕೇ ಒಂದನ್ನು ಮುಚ್ಚಿಕೊಳ್ಳುವುದು. ಇನ್ನೊಂದು ಕಣ್ಣಿನ ಸರದಿ ಬರಲು ಸಮಯವಿದೆ. ಅಲ್ಲಿಯವರೆಗೆ ಕಾಯುವ ವ್ಯವಧಾನ ಪತ್ರಿಕೆಗಿಲ್ಲ. ಅತ್ತೆ ಕೇಳಿಕೊಂಡದ್ದಕ್ಕೆ ಸಂಪಾದಕರು ಈ ಚಿರತೆಯೊಂದನ್ನು ಕಳಿಸಿಕೊಟ್ಟಿದ್ದಾರೆ. ಇದು ಪುಟದ ಮೇಲೆ ಸರಿಯಾಗಿ ಬಂದರೆ ಮುಂದಿನ ಚಿತ್ರಗಳು ಇವರಿಗೆ. ಬರದಿದ್ದರೆ ಆ ಕೆಲಸಕ್ಕೆ ಬೇರೆಯವರು ಆಗಲೇ ಸಿದ್ಧರಿದ್ದಾರೆ.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಚಿರತೆ ಮೆಲ್ಲಗೆ ಕಾಣತೊಡಗಿದೆ. ಮೈ ಇನ್ನೂ ಕತ್ತಲಲ್ಲೇ ಇದೆ, ಕಿವಿಯ ಅಂಚಿಗೆ ಮಾತ್ರ ಆಕಾಶದ ಕೊನೆಯ ಬೆಳಕು ತಾಗಿದೆ. ಇದು ಸರಿಯಿದೆಯೇ ಎಂದು ಕೇಳಿದರೆ ಅತ್ತೆ ಹೌದೆನ್ನುವುದಿಲ್ಲ. ಹಿಂದೆಲ್ಲ ಹೌದೆಂದವರು ಅವರೇ, ಈಗ ಆ ಧೈರ್ಯವಿಲ್ಲ. ಚಿತ್ರ ಕಳಿಸಿ, ಅಚ್ಚುಮನೆಯ ಆ ಹೆಂಗಸಿಗೆ ಫೋನ್ ಮಾಡುತ್ತಾರೆ. ತಪ್ಪಿದ್ದರೆ ನೀನೇ ತಿದ್ದಿಬಿಡು ಎಂದು ಬೇಡುತ್ತಾರೇನೋ ಅಂದುಕೊಂಡರೆ, ಮಾತು ಬೇರೆಯೇ.

“ನಾನು ಕಳಿಸಿದ ಹಾಗೇ ಹಾಕಮ್ಮ, ಎಲ್ಲೂ ಕೈ ಹಾಕ್ಬೇಡ. ತಪ್ಪಿದ್ರೆ ನನ್ನ ತಪ್ಪು ಅಂತ ನನಗೇ ಹೇಳು, ಎಷ್ಟು ಬೇಕಾದ್ರೂ ಬೈಯಿ. ಕಾಗದ ಸರಿ ಇಲ್ಲ ಅಂತ ಮಾತ್ರ ಹೇಳ್ಬೇಡ.”