ಹೊರಟೆ ಎಂದು ಹೇಳಿ ನಿಂತ ಸಂಜೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು, ಮಾತುಗಳೂ ನನ್ನ ಹತ್ತಿರ ಕಡಿಮೆ. ಓದುವವರು ಮನ್ನಿಸಬೇಕು. ಮೂರು ಸಲ ಬರೆದು ಹರಿದು ಹಾಕಿ ಇದನ್ನು ನಾಲ್ಕನೇ ಸಲ ಬರೆಯುತ್ತಿದ್ದೇನೆ.

ಇದು ನನ್ನ ದೊಡ್ಡಪ್ಪನ ವಿಷಯ. ಅವರು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕಣ್ಣು ಮಂಜಾಗತೊಡಗಿ, ವರ್ಷ ತುಂಬುವುದರೊಳಗೆ ಪೂರ್ತಿ ಹೋಯಿತು. ನಮ್ಮ ಬೀದಿಯ ಔಷಧಿ ಅಂಗಡಿಯ ಮೇಲೆ ಅವರು ಬರೆದ ಬೋರ್ಡು ಇನ್ನೂ ಇದೆ. ಬಣ್ಣ ಮಾಸಿದೆ ಎಂದು ಯಾರಾದರೂ ಹೇಳಿದರೆ, "ನನಗೇನೂ ಮಾಸಿದ ಹಾಗೆ ಕಾಣಲ್ಲಪ್ಪ" ಎನ್ನುತ್ತಾರೆ. ಮದುವೆಯಾಗಲಿಲ್ಲ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ಅಡಿಗೆ, ನಿದ್ದೆ.

ಶಾಲೆ ಬಿಟ್ಟು ನಾನು ಮನೆಯಲ್ಲಿ ಮೂಲೆ ಹಿಡಿದಾಗ ಅಪ್ಪ ನನ್ನನ್ನು ಅವರ ಹತ್ತಿರ ಕಳಿಸಿದರು. ಹಳೆಯ ಬೆತ್ತ ಕತ್ತರಿಸಿ ತೆಗೆಯುವುದು, ಚೌಕಟ್ಟಿನ ತೂತುಗಳನ್ನು ದಬ್ಬಳದಿಂದ ಚೊಕ್ಕ ಮಾಡುವುದು, ಹೊಸ ಎಳೆಗಳನ್ನು ನೀರಿನಲ್ಲಿ ನೆನೆಸುವುದು ನನ್ನ ಪಾಲಿನ ಕೆಲಸ. ಹೆಣೆಯುವಾಗ ಎಳೆಯ ನುಣುಪಾದ ಬದಿ ಮೇಲಕ್ಕೆ ಬರಬೇಕು. ನಾನು ಬೆಳಕಿಗೆ ಹಿಡಿದು ನೋಡಿಯೂ ತಪ್ಪುತ್ತೇನೆ. ಅವರು ಹೆಬ್ಬೆರಳಿನಿಂದ ಒಂದು ಸಲ ಸವರಿ ಹೇಳಿಬಿಡುತ್ತಾರೆ.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಒಳಗೆ ಬರುವವರು "ಬಂದೆ" ಎನ್ನಬೇಕು, ಹೋಗುವವರು "ಹೊರಟೆ" ಎನ್ನಬೇಕು. ಕಣ್ಣು ಹೋದ ಹೊಸದರಲ್ಲಿ ಅಕ್ಕಪಕ್ಕದವರು ಸದ್ದಿಲ್ಲದೆ ಒಳಗೆ ಬಂದು, ಕುರುಡ ಹೇಗೆ ಬಟ್ಟೆ ಹಾಕುತ್ತಾನೆ, ಹೇಗೆ ಉಣ್ಣುತ್ತಾನೆ ಎಂದು ನೋಡುತ್ತಾ ನಿಲ್ಲುತ್ತಿದ್ದರಂತೆ. ನಾನು ನಡೆದರೆ ಸಪ್ಪಳವಾಗುವುದಿಲ್ಲ, ಅದಕ್ಕೇ ಅವರು ನನ್ನನ್ನು ಇಲಿಮರಿ ಎಂದು ಕರೆಯುತ್ತಾರೆ. ಮೊದಲ ದಿನವೇ ಹೇಳಿದ್ದರು: "ನೋಡು ಇಲಿಮರಿ, ನೀನು ಬಾಯಿ ಬಿಟ್ಟರೇನೇ ನನಗೆ ನೀನು ಇರೋದು. ಇದೊಂದರಲ್ಲಿ ನನಗೆ ಮೋಸ ಮಾಡಬೇಡ."

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಅವರನ್ನು ದೇವರು ಇದ್ದಾನಾ ಎಂದು ಕೇಳಿದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಪ್ರಶ್ನೆ ಅದು. ತರಗತಿಯಲ್ಲಿ ಎದ್ದು ನಿಂತು ಓದುವಾಗ ನನ್ನ ನಾಲಿಗೆ ಕಟ್ಟಿ ಹೋಗುತ್ತಿತ್ತು, ಎಲ್ಲರೂ ನಗುತ್ತಿದ್ದರು. ಎರಡು ವರ್ಷ ದಿನಾ ಬೇಡಿಕೊಂಡರೂ ಅದು ಸರಿಯಾಗಲಿಲ್ಲ. ದೊಡ್ಡಪ್ಪ ಎಳೆ ಬಿಗಿಯುತ್ತಲೇ, "ಇದ್ದಾನೆ. ಇಲ್ಲದವನ ಜೊತೆ ಇಷ್ಟು ವರ್ಷ ಮಾತಾಡೋಕೆ ನನಗೇನು ಹುಚ್ಚಾ?" ಎಂದರು. ಯಾವಾಗ ಮಾತಾಡುತ್ತೀರಿ ಎಂದೆ. ನೀನು ಮನೆಗೆ ಹೋದ ಮೇಲೆ ಎಂದರು.

ಅವರಿಗೆ ಉತ್ತರ ಬರುವುದಾದರೆ ನನಗೂ ಕೇಳಿಸಬಹುದು ಎನ್ನಿಸಿತು. ಮರುದಿನ ಸಂಜೆ "ಹೊರಟೆ" ಎಂದು ಹೇಳಿ, ಬಾಗಿಲು ತೆರೆದು ಮುಚ್ಚಿ, ದಿನಾ ಹೊರಗಿನಿಂದ ಹಾಕುವ, ಎರಡೂ ಕಡೆಯಿಂದ ತೆಗೆಯಬಹುದಾದ ಚಿಲಕವನ್ನು ಒಳಗಿನಿಂದ ಹಾಕಿ, ಬೆತ್ತದ ಕಟ್ಟುಗಳನ್ನಿಟ್ಟ ಹಲಗೆಯ ಪಕ್ಕ ಗೋಡೆಗೆ ಅಂಟಿಕೊಂಡು ನಿಂತೆ.

ಅವರು ಕೈ ತೊಳೆದು ಬಂದು, ಅರ್ಧ ಹೆಣೆದ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತರು. ಆಮೇಲೆ ಮನೆಯವರ ಹತ್ತಿರ ಮಾತಾಡುವ ಹಾಗೆಯೇ ಶುರುಮಾಡಿದರು.

"ನಿನ್ನೆ ಹುಡುಗಿ ಕೇಳಿದಳು. ಇದ್ದಾನೆ ಅಂತ ಹೇಳಿಬಿಟ್ಟೆ. ಚಿಕ್ಕವಳು, ಮೊದಲೇ ನೊಂದಿದ್ದಾಳೆ, ಇನ್ನೇನು ಹೇಳಲಿ? ಆದರೆ ನನಗೇ ಗೊತ್ತಿಲ್ಲವಲ್ಲ. ಈ ಮನೆಗೆ ಬರೋರೆಲ್ಲ ಬಂದೆ ಅಂತಾರೆ. ನೀನೊಬ್ಬ ಮಾತ್ರ ಒಂದು ದಿನಾನೂ ಅಂದಿಲ್ಲ."

ಆಮೇಲೆ ಅವರು ಅತ್ತರು. ನಾನು ನೋಡಬಾರದಿತ್ತು, ಆದರೂ ನೋಡಿದೆ. ಕಾಲು ಜೋಮು ಹಿಡಿದು ಸ್ವಲ್ಪ ಸರಿದಾಗ ಮೊಣಕೈ ತಗುಲಿ ಬೆತ್ತದ ಕಟ್ಟೊಂದು ಜಾರಿ ಬಿತ್ತು.

"ಯಾರು?" ಎಂದರು. ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

"ನೀನೇನಾ?" ಎಂದರು, ಆಗ ದೇವರ ಹತ್ತಿರ ಮಾತಾಡಿದ ದನಿಯಲ್ಲೇ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವರು ಎದ್ದು ಕೈ ಚಾಚಿ ಎರಡು ಹೆಜ್ಜೆ ಬಂದರು. ಬೆರಳುಗಳು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿದ್ದವು. ಏನನ್ನಿಸಿತೋ, ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತಲೆ ತಗ್ಗಿಸಿ ನಿಂತರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರು ಒಳಗೆ ಹೋಗಿ ನಲ್ಲಿ ತಿರುಗಿಸಿದಾಗ ಕಳ್ಳಿಯ ಹಾಗೆ ಹೊರಗೆ ಬಂದೆ.

ಮರುದಿನ ಅವರು ಸಿಳ್ಳೆ ಹಾಕುತ್ತಾ ಕೆಲಸ ಮಾಡಿದರು. ಪಕ್ಕದಲ್ಲೇ ಕ್ಷೌರದ ಅಂಗಡಿ ಇದೆ, ದೊಡ್ಡಪ್ಪ ದಿನಾ ಬೆಳಿಗ್ಗೆ ಅಲ್ಲಿಗೆ ಗಡ್ಡ ಹೆರೆಸಿಕೊಳ್ಳಲು ಹೋಗುತ್ತಾರೆ. ಅಲ್ಲಿ ಸರದಿಗೆ ಕಾದು ಕುಳಿತವರಿಗೆಲ್ಲ, ನಿನ್ನೆ ಮನೆಗೆ ದೇವರು ಬಂದಿದ್ದ ಎಂದು ಹೇಳಿದ್ದರು. ಬೆಕ್ಕು ಬಂದಿರಬೇಕು ಎಂದು ಕ್ಷೌರಿಕ ತಮಾಷೆ ಮಾಡಿದನಂತೆ. ಇನ್ನೊಬ್ಬರು, ಹುಡುಗಿ ಇದ್ದಳೇನೋ ಎಂದರಂತೆ. "ಅವಳು ಹೊರಟೆ ಅಂತ ಹೇಳೇ ಹೋಗಿದ್ದಳು. ನನ್ನ ಇಲಿಮರಿ ಸುಳ್ಳು ಹೇಳಲ್ಲ ಅಂದೆ, ಎಲ್ಲರ ಬಾಯೂ ಬಂದ್" ಎಂದು ನನಗೆ ಹೇಳಿ ನಕ್ಕರು. ಅವರಿಗೆ ದೇವರು ಬಂದಿದ್ದಕ್ಕೆ ನನ್ನ ಮಾತೇ ಸಾಕ್ಷಿಯಾಗಿತ್ತು.

ನಾಲ್ಕು ದಿನ ಹೀಗೇ ಹೋಯಿತು. ಹೇಳದೆ ಇದ್ದರೆ ಅವರು ಸುಖವಾಗಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಐದನೇ ದಿನ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅವತ್ತು ನೀನು ಕೇಳಿದಾಗ ಅಂದಾಜಿಗೆ ಹೇಳಿದ್ದೆ ಮಗಳೇ. ಈಗ ಗೊತ್ತಿದ್ದು ಹೇಳ್ತೀನಿ. ಇದ್ದಾನೆ" ಎಂದರು. ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವುದು ನನ್ನಿಂದಾಗಲಿಲ್ಲ.

"ದೊಡ್ಡಪ್ಪ, ಆ ಸದ್ದಾದ ಸಂಜೆ ನಾನು ಹೋಗಿರಲಿಲ್ಲ."

ಅವರ ಕೈ ಎಳೆಯ ಮೇಲೆ ನಿಂತಿತು. "ಚಿಲಕ ಹಾಕಿದ್ದು ಕೇಳಿಸಿತಲ್ಲ."

"ಒಳಗಿಂದ ಹಾಕಿದೆ."

"ನಾನು ಅತ್ತಿದ್ದು?"

"ನೋಡಿದೆ."

ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. "ಬೆತ್ತ ಒಣಗ್ತಿದೆ, ನೀರಿಗೆ ಹಾಕು" ಎಂದರು. ಆ ದಿನ ಸಂಜೆ ನಾನು ಹೊರಟೆ ಎಂದು ಹೇಳಿ ನಿಜವಾಗಿಯೂ ಹೊರಗೆ ಬಂದೆ. ಬೀದಿಯಿಂದ ಕಿಟಕಿಯಲ್ಲಿ ಕಂಡಿತು. ಅವರು ಎದ್ದು ಕೋಣೆಯ ಒಂದೊಂದು ಮೂಲೆಗೂ ಹೋಗಿ, ಗಾಳಿಯಲ್ಲಿ ಕೈಯಾಡಿಸಿ ನೋಡುತ್ತಿದ್ದರು. ಅಂದಿನಿಂದ ದಿನಾ ಹಾಗೇ ಮಾಡುತ್ತಿದ್ದಾರೆ.

ದೇವರು ಇದ್ದಾನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕರೆಯುವವರ ಎದುರಿಗೇ ಮಾತಾಡದೆ ನಿಲ್ಲುವುದು ಹೇಗಿರುತ್ತದೆ ಎಂದು ಮಾತ್ರ ಗೊತ್ತು. ಅವನೂ ಹಾಗೆ ನಿಂತಿದ್ದರೆ ಅವನಿಗೂ ನನ್ನಷ್ಟೇ ನಾಚಿಕೆಯಾಗಬೇಕು. ಇದು ತಪ್ಪು ಮಾತಾದರೆ ದೊಡ್ಡವರು ತಿದ್ದಬೇಕು.

ದೊಡ್ಡಪ್ಪ ಕ್ಷೌರದ ಅಂಗಡಿಗೆ ಹೋಗದೆ ಒಂಬತ್ತು ದಿನವಾಯಿತು. ಗಡ್ಡ ಬೆಳೆದಿದೆ. ಅಲ್ಲಿಯವರು ಮತ್ತೆ ದೇವರು ಬಂದನೇ ಎಂದು ಕೇಳಿದರೆ ಏನು ಹೇಳಲಿ ಎಂದು ದೊಡ್ಡಪ್ಪ ಅಪ್ಪನ ಹತ್ತಿರ ಅಂದರಂತೆ. ತಪ್ಪು ನನ್ನದು, ಮುಖ ಮುಚ್ಚಿಕೊಂಡವರು ಅವರು. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಆ ಅಂಗಡಿ ತೆರೆಯುತ್ತದೆ. ಕುಳಿತವರೆಲ್ಲರ ಎದುರಿಗೆ ನಿಂತು, ನಾಲಿಗೆ ಕಟ್ಟಿದರೂ ಸರಿ, ಅವತ್ತು ದೊಡ್ಡಪ್ಪನ ಮನೆಯಲ್ಲಿ ನಿಂತಿದ್ದವಳು ನಾನೇ ಎಂದು ಹೇಳುತ್ತೇನೆ.