ಗೋಡೆಯಾಚೆಯ ನಗು

ಹೆಂಡತಿ ಭಾರತಿ ತೀರಿಕೊಂಡ ಮೇಲೆ ಅಮೆರಿಕದ ಮೌಂಟನ್ ವ್ಯೂನ ಈ ಸಣ್ಣ ಅಪಾರ್ಟ್‌ಮೆಂಟಿಗೆ ಬಂದ ಮೊದಲ ಸಂಜೆ, ಗೋಡೆಯಾಚೆ ನೂರಾರು ಜನ ಒಟ್ಟಿಗೆ ನಕ್ಕರು. ತಕ್ಷಣ ಸುಮ್ಮನಾದರು. ಮತ್ತೆ ನಕ್ಕರು. ಮೈಸೂರಿನಲ್ಲಾಗಿದ್ದರೆ ಯಾರಾದರೂ ಬಂದು ನಮ್ಮನ್ನೂ ಕರೆಯುತ್ತಿದ್ದರು. ಇಲ್ಲಿ ನಾನೇ ಹೋಗಿ ಬಾಗಿಲು ತಟ್ಟಿದೆ. ಒಳಗಿದ್ದದ್ದು ಒಬ್ಬ ಮುದುಕ, ಒಂದು ಟಿ.ವಿ.

ಆ ಮುದುಕ, ಲೆಸ್ಟರ್, ಒಂದು ಕಾಲದ ನಟ. ವಾರವಾರವೂ ಅದೇ ಮನೆ, ಅದೇ ಜನ ಇರುವ ಹಾಸ್ಯ ಧಾರಾವಾಹಿಗೆ ಇಲ್ಲಿ ಸಿಟ್‌ಕಾಮ್ ಎನ್ನುತ್ತಾರೆ. ಅಂಥದ್ದೊಂದರಲ್ಲಿ ಅವರದು ಪಕ್ಕದ ಮನೆಯವನ ಪಾತ್ರ. ಬಾಗಿಲು ತಟ್ಟದೆ ಅಡುಗೆಮನೆಗೆ ನುಗ್ಗುವುದೇ ಕೆಲಸ. ನುಗ್ಗಿದ ಕೂಡಲೇ ಪ್ರೇಕ್ಷಕರ ಚಪ್ಪಾಳೆ. ಈ ದೇಶದಲ್ಲಿ ಹಾಗೆ ಯಾರೂ ಯಾರ ಮನೆಗೂ ನುಗ್ಗಿದ್ದನ್ನು ನಾನು ಕಂಡಿಲ್ಲ. ಮೈಸೂರಿನಲ್ಲಿ ಎಲ್ಲರೂ ನುಗ್ಗುತ್ತಿದ್ದರು, ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಧಾರಾವಾಹಿಗೆ ಆಮೇಲೆ ಬಂದ ಹೊಸ ಬರಹಗಾರರು ಆ ಪಾತ್ರವನ್ನು ಬೇರೆ ಊರಿಗೆ ಕಳಿಸಿಬಿಟ್ಟರು. ಲೆಸ್ಟರ್ ಎಲ್ಲಿ ಹೋದರೂ ಜನರ ಕಣ್ಣಿಗೆ ಅದೇ ಪಕ್ಕದ ಮನೆಯವನು. ಬೇರೆ ಪಾತ್ರ ಸಿಗಲಿಲ್ಲ. ಆ ಪಾತ್ರವನ್ನು ಮೊದಲು ಬರೆದವರು ಕೊನೆಗೆ ಡ್ಯಾನ್‌ವಿಲ್‌ನಲ್ಲಿ ಮನೆ ಮಾರಿಸುವ ಕೆಲಸಕ್ಕೆ ಸೇರಿದರಂತೆ.

ಆ ಹಳೆಯ ಕಂತುಗಳನ್ನೇ ಲೆಸ್ಟರ್ ದಿನಾ ಸಂಜೆ ಟಿ.ವಿ.ಯಲ್ಲಿ ಹಾಕುತ್ತಾರೆ, ಆದರೆ ನೋಡುವುದು ತಮ್ಮನ್ನಲ್ಲ. ಧಾರಾವಾಹಿಯನ್ನು ಪ್ರೇಕ್ಷಕರ ಎದುರೇ ಆಡಿ ಚಿತ್ರೀಕರಿಸುತ್ತಿದ್ದರು. ನಟರ ಮನೆಯವರೂ ಆ ಸಾಲುಗಳಲ್ಲಿ ಕೂರುತ್ತಿದ್ದರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಂದು ಹೆಣ್ಣುದನಿ ತಡವಾಗಿ, ಗಟ್ಟಿಯಾಗಿ ನಗುತ್ತದೆ. ಅದು ತೀರಿಹೋದ ತಮ್ಮ ಹೆಂಡತಿಯದು ಎಂದರು. ಮೊದಲೇ ಮುದ್ರಿಸಿಟ್ಟ ಯಂತ್ರದ ನಗುವನ್ನೂ ಸೇರಿಸುತ್ತಿದ್ದರಲ್ಲ, ಇದು ಅವರದೇ ಎಂದು ಹೇಗೆ ಗೊತ್ತು ಎಂದು ಒಂದು ದಿನ ಕೇಳಿದೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಇಂಥ ಪ್ರಶ್ನೆಗಳನ್ನೇ. ಅವರು ಬೇಸರಪಡಲಿಲ್ಲ.

"ನಿನ್ನ ಹೆಂಡತಿಯ ನಗು ನಿನಗೆ ಗೊತ್ತಾಗುವುದಿಲ್ಲವೆ?" ಎಂದರು.

ಗೊತ್ತಾಗದೆ ಏನು, ತಲೆ ಹಿಂದಕ್ಕೆ ಚೆಲ್ಲಿ ಗಟ್ಟಿಯಾಗಿ ನಗುತ್ತಿದ್ದಳು, ಎಲ್ಲರಿಗಿಂತ ತಡವಾಗಿ ಎಂದೆ. ಹೇಳಿದ ಮೇಲೆ ಅನುಮಾನ ಬಂತು. ಅಷ್ಟರಲ್ಲಾಗಲೇ ಎಷ್ಟೋ ತಿಂಗಳಿಂದ ಲೆಸ್ಟರ್ ಮನೆಯ ನಗು ನನ್ನ ಕಿವಿಗೆ ಬೀಳುತ್ತಿತ್ತು.

ಫೋನಿನಲ್ಲಿದ್ದ ವಿಡಿಯೊಗಳನ್ನೆಲ್ಲ ನೋಡಿದೆ. ಲಿವರ್‌ಮೋರ್ ದೇವಸ್ಥಾನದ ಮೆಟ್ಟಿಲ ಮೇಲೆ ನನ್ನ ಪಕ್ಕ ನಿಂತು ಭಾರತಿ ನನಗೆ "ನಗು" ಎನ್ನುತ್ತಾಳೆ. ತಾನು ಒಂದರಲ್ಲೂ ನಗುವುದಿಲ್ಲ. ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಭಾರತಿ ಹೇಗೆ ನಗುತ್ತಿದ್ದಳು ಎಂದು ಕೇಳಿದೆ.

"ಇದೇನೋ ಇಂಥ ಪ್ರಶ್ನೆ? ಅವಳು ನಕ್ಕರೆ ಸದ್ದೇ ಇರ್ತಿರ್ಲಿಲ್ಲ ಕಣೋ. ಸೆರಗು ಬಾಯಿಗೆ ಒತ್ಕೊಳ್ಳೋಳು, ಭುಜ ಅಲ್ಲಾಡೋದು ಅಷ್ಟೆ. ಇವಳು ನಗ್ತಿದಾಳೋ ಅಳ್ತಿದಾಳೋ ಅಂತ ನೀನೇ ಆಡ್ಕೊಳ್ತಿದ್ಯಲ್ಲ."

ಆಡಿಕೊಂಡದ್ದು ನೆನಪಿಲ್ಲ. ಸೆರಗೂ ನೆನಪಿಲ್ಲ. ಅವಳ ಆಸ್ಪತ್ರೆಯ ಕೆಲಸಕ್ಕಾಗಿ ಈ ದೇಶಕ್ಕೆ ಬಂದವರು ನಾವು. ಅವಳು ಹೋದಳು, ಹಿಂದೆ ಬಂದ ನಾನು ಉಳಿದೆ. ಇಲ್ಲಿಗೆ ಬಂದ ಮೇಲೆ ಅವಳ ನಗುವಿಗೆ ದನಿ ಬಂದಿತ್ತೆ? ಅಥವಾ ಬೇರೊಬ್ಬರ ಹೆಂಡತಿಯ ನಗುವನ್ನು ಅವಳ ಬಾಯಿಗೆ ಹಚ್ಚಿಬಿಟ್ಟಿದ್ದೇನೆಯೆ? ಇಲ್ಲಿ ಅವಳು ನಕ್ಕದ್ದನ್ನು ಕಂಡ ಸಾಕ್ಷಿ ನಾನೊಬ್ಬನೇ. ಆ ಸಾಕ್ಷಿಯ ಮೇಲೆ ನನಗೇ ನಂಬಿಕೆ ಇಲ್ಲ.

ವಾಪಸ್ ಬಂದುಬಿಡು ಎಂದಳು ಅಕ್ಕ. ಹೋದರೆ ಅಲ್ಲಿ ಸದ್ದಿಲ್ಲದೆ ನಗುವ ಭಾರತಿಯನ್ನು ಎಲ್ಲರೂ ಬಲ್ಲರು, ನನ್ನೊಬ್ಬನನ್ನು ಬಿಟ್ಟು. ಸಂಜೆ ಲೆಸ್ಟರ್ ಗೋಡೆ ತಟ್ಟುತ್ತಾರೆ, ಶುರುವಾಯಿತು ಎಂದು. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ಎಲ್ಲರೂ ನಕ್ಕು ಮುಗಿಸುತ್ತಾರೆ. ನಾನು ಕಾಯುತ್ತೇನೆ.